ಎರಿಭೂಮಿಯ ಮನೆಗೆ ಜಾಳಗಿ ಬಾಗಿಲು: ಆಯ್ಕೆ, ಜೋಡಣೆ ಮತ್ತು ಸಂಸಾರದ ಕೈಪಿಡಿ

ಈ ಪುಸ್ತಿಕೆ ಯಾರಿಗೆ

ಹುಬ್ಬಳ್ಳಿಯ ಕೇಶ್ವಾಪುರದ ಕಡೆಯಿಂದ ಹೊರಟು ಎರಿಹೊಲಗಳ ನಡುವೆ ಸುಳ್ಳ ಎಂಬ ಹಳ್ಳಿ ಮುಟ್ಟುವ ರಸ್ತೆ ಹಿಡಿದವರಿಗೆ, ಅದರಲ್ಲೂ ಊರೊಳಗೆ ಸ್ವಂತ ಬಾಗಿಲು ಉಳ್ಳವರಿಗೆ. ಬೆಂಗಳೂರಿನ ಮಗ ದೀಪಾವಳಿಗೆ ಬಂದು, ರಾತ್ರಿಯಿಡೀ ಗುಂಗಾಡಿನ ಗಾಯನ ಕೇಳಿ, ಬೆಳಿಗ್ಗೆ ಚಹಾ ಕುಡಿಯುತ್ತ ‘ಅಪ್ಪಾ, ಬಾಗಲಕ್ಕೊಂದು ಮೆಶ್ ಡೋರ್ ಹಾಕಸೂಣು’ ಅಂದ ಗಳಿಗೆಯಿಂದ ಇದನ್ನು ಓದತೊಡಗಬೇಕು. ಓದಿ ಮುಗಿಯುವುದರೊಳಗೆ ಆತ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಿರುತ್ತಾನೆ. ರೊಕ್ಕ ಕಳಿಸುತ್ತಾನೆ, ಅದರಲ್ಲಿ ಸಂಶಯ ಬೇಡ. ಅಳತೆ ತೆಗೆಯುವುದು, ಅಂಗಡಿಯವರ ಜತೆ ಜಗ್ಗಾಡುವುದು, ಬಂದವರಿಗೆಲ್ಲ ಅದನ್ನು ತೆಗೆಯುವ ಬಗೆ ಹೇಳಿಕೊಡುವುದು ನಿಮ್ಮ ಪಾಲು.

ಕಂಪನಿಯವರು ಪೆಟ್ಟಿಗೆಯಲ್ಲಿಟ್ಟು ಕೊಡುವ ಪುಸ್ತಿಕೆಯನ್ನು ಮೊದಲು ಪಕ್ಕಕ್ಕಿಡಿ. ಅದು ಎರಡು ನಂಬಿಕೆಗಳ ಮೇಲೆ ನಿಂತಿದೆ: ಗೋಡೆ ಕದಲುವುದಿಲ್ಲ, ಬಾಗಿಲು ಮುಚ್ಚಿರುತ್ತದೆ. ನಮ್ಮ ಸೀಮೆಯಲ್ಲಿ ಗೋಡೆ ಕದಲುತ್ತದೆ, ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಮುಂದಿನ ಸೂಚನೆಗಳನ್ನೆಲ್ಲ ಈ ಎರಡಕ್ಕೆ ಹೊಂದಿಸಿ ಬರೆಯಲಾಗಿದೆ.

ಅಳತೆ

ಟೇಪು ಹಿಡಿಯುವ ಮುನ್ನ ಕ್ಯಾಲೆಂಡರ್ ನೋಡಿ. ಇದು ಯಾವ ಕಂಪನಿಯ ಪುಸ್ತಿಕೆಯಲ್ಲೂ ಇರದ ಸೂಚನೆ, ಆದ್ದರಿಂದಲೇ ಮೊದಲಿನದು. ಎರಿಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಇದೆ. ಅದು ನೀರನ್ನು ತನ್ನ ಪದರಗಳ ನಡುವೆ ಎಳೆದುಕೊಂಡು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಏಪ್ರಿಲ್–ಮೇ ಹೊತ್ತಿಗೆ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದೂ, ಶ್ರಾವಣದಲ್ಲಿ ಅದೇ ಹೊಲ ಬಿರುಕೆಲ್ಲ ನುಂಗಿ ಚಪ್ಪಲಿ ಕಿತ್ತುಕೊಳ್ಳುವುದೂ ಇದರಿಂದಲೇ. ಮನೆ ಕುಳಿತಿರುವುದೂ ಇದರ ಮೇಲೆಯೇ. ಬಚ್ಚಲ ನೀರು ಹರಿಯುವ ಕಡೆಯ ಮೂಲೆ ವರ್ಷವಿಡೀ ಉಬ್ಬಿಕೊಂಡಿರುತ್ತದೆ. ಬಿಸಿಲಿಗೆ ಬಿದ್ದ ಮೂಲೆ ಬೇಸಿಗೆಯಲ್ಲಿ ಇಳಿಯುತ್ತದೆ. ನಡುವಿನ ಬಾಗಿಲ ಚೌಕಟ್ಟು ಎರಡೂ ಕಡೆಯವರ ಮಾತು ಕೇಳಿ ಒಂದಿಷ್ಟು ವಾಲುತ್ತದೆ. ಅದಕ್ಕೇ ಮಳೆಗಾಲದಲ್ಲಿ ಮನೆಮನೆಗಳಲ್ಲಿ ‘ಬಾಗಲಾ ಹಿಡ್ಯಾಕತ್ತೇತಿ’ ಎಂಬ ದೂರು. ಬಡಿಗೇರರು ಬಂದು ಅಂಚು ಹೆರೆದು ಹೋಗುತ್ತಾರೆ, ಬೇಸಿಗೆಯಲ್ಲಿ ಹೆರೆದ ಜಾಗದಿಂದ ಬೆಳಕು ಕಾಣಿಸುತ್ತದೆ. ಕಟ್ಟಿಗೆಯ ಬಾಗಿಲಿಗೆ ಈ ಉಪಚಾರ ನಡೆಯುತ್ತದೆ. ಅಲ್ಯುಮಿನಿಯಂ ಹೆರೆಸಿಕೊಳ್ಳುವುದಿಲ್ಲ.

(ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ಮಣ್ಣಿಗೆಂದೇ ಬುಡದಲ್ಲಿ ಉಬ್ಬಿರುವ ಕಾಂಕ್ರೀಟ್ ಕಂಬವನ್ನು 1950ರ ದಶಕದಲ್ಲೇ ರೂಪಿಸಿದರು. ನಿಮ್ಮ ಮನೆ ಅಂಥ ಕಂಬಗಳ ಮೇಲೆ ನಿಂತಿದ್ದರೆ ಈ ವಿಭಾಗವನ್ನು ಬಿಟ್ಟು ಮುಂದೆ ಓದಬಹುದು. ನಿಮ್ಮ ಅಜ್ಜ ಕಟ್ಟಿಸಿದ ಮನೆಯಾದರೆ ಬಿಡಬೇಡಿ.)

ಅಳೆಯುವ ಕ್ರಮ ಹೀಗೆ. ಅಗಲವನ್ನು ಮೂರು ಕಡೆ ನೋಡಿ: ಮೇಲೆ, ನಡುವೆ, ಕೆಳಗೆ. ಎತ್ತರವನ್ನು ಎಡಕ್ಕೂ ಬಲಕ್ಕೂ ನೋಡಿ. ಆಮೇಲೆ ಮೂಲೆಯಿಂದ ಮೂಲೆಗೆ ಎರಡು ಕರ್ಣ. ಚೌಕಟ್ಟು ಕಾಟಕೋನದಲ್ಲಿದ್ದರೆ ಎರಡು ಕರ್ಣಗಳೂ ಸಮ ಬರಬೇಕು. ಸಮ ಬಂದರೆ ಟೇಪು ಎಲ್ಲೋ ಜಾರಿದೆ, ಮತ್ತೊಮ್ಮೆ ಅಳೆಯಿರಿ. ಚೌಕಟ್ಟಿನ ಒಳಗೆ ಕೂಡಿಸುವ ಬಾಗಿಲಿಗೆ ಬಂದ ಅಳತೆಗಳಲ್ಲಿ ಸಣ್ಣದನ್ನು ಹಿಡಿದು, ಸುತ್ತ ಒಂದು ನೂಲು ಸಡಿಲ ಬಿಡುವುದು ಪದ್ಧತಿ. ಚೌಕಟ್ಟಿನ ಮೇಲೆ ಹೊದಿಸುವಂತೆ ಕೂಡಿಸುವುದಾದರೆ ದೊಡ್ಡದನ್ನು ಹಿಡಿಯಬೇಕು. ಅಂಗಡಿಯವರು ಒಳಗೆ ಕೂಡಿಸಿದ್ದೇ ‘ನೋಡಾಕ ಛಂದ ಕಾಣ್ತೇತ್ರಿ’ ಅನ್ನುತ್ತಾರೆ. ಅದು ನಿಜ, ಮುಂದಿನ ಮಳೆಗಾಲದ ತನಕ. ಈ ಪುಸ್ತಿಕೆಯ ಶಿಫಾರಸು ಮೇಲೆ ಹೊದಿಸುವುದು: ಸುತ್ತಲೂ ಒಂದು ಇಂಚು ಚೌಕಟ್ಟಿನ ಮೇಲೆ ಬರಲಿ, ಅಂಚಿಗೆ ಕುಂಚದ ಪಟ್ಟಿ ಇರಲಿ. ಗೋಡೆ ಅತ್ತಿತ್ತ ಸರಿದರೆ ಕುಂಚದ ಕೂದಲು ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ.

ಇನ್ನು ಹೊಸ್ತಿಲು. ಮಡಿಚಿಕೊಳ್ಳುವ ಪರದೆಯಂಥ ಜಾಳಗಿ ಈಗಿನ ಫ್ಯಾಷನ್. ಹುಬ್ಬಳ್ಳಿಯ ಗೋಕುಲ ರಸ್ತೆಯ ಹೊಸ ಮನೆಗಳಲ್ಲಿ ಅದು ಬೆರಳಿಂದ ತಳ್ಳಿದರೆ ಸರಿಯುತ್ತದೆ. ಆದರೆ ಅದಕ್ಕೆ ಕೆಳಗೊಂದು ಹಳಿ ಬೇಕು, ಹಳಿಯನ್ನು ಹೊಸ್ತಿಲಿಗೆ ಕೂಡಿಸಬೇಕು. ನಿಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು ಅರಿಷಿಣ-ಕುಂಕುಮ ಏರಿಸುವ ಹಿರಿಯರಿದ್ದರೆ ಡ್ರಿಲ್ ಯಂತ್ರವನ್ನು ಅವರ ಕಣ್ಣಿಗೆ ಬೀಳದಂತೆ ಇಡಿ. ಒಂದು ವೇಳೆ ಒಪ್ಪಿಗೆ ಸಿಕ್ಕಿತೆನ್ನಿ, ಶ್ರಾವಣ ಮುಗಿಯುವುದರೊಳಗೆ ಹಳಿಯ ತುಂಬ ಅರಿಷಿಣ ಗಟ್ಟಿಯಾಗಿ ಜಾಳಗಿ ನಡುದಾರಿಯಲ್ಲಿ ನಿಂತುಬಿಡುತ್ತದೆ. ಕೀಲಿಗೆ ತೂಗುವ ಬಾಗಿಲೇ ವಾಸಿ. ಕೆತ್ತನೆಯ ಹಳೆ ತೇಗದ ಚೌಕಟ್ಟಿಗೆ, ಮೇಲೆ ಗಣಪ ಇದ್ದ ಪಕ್ಷದಲ್ಲಿ, ಸ್ಕ್ರೂ ಎಲ್ಲಿ ಬೀಳಬೇಕೆಂಬುದನ್ನು ಅಂಗಡಿಯವರಿಗೆ ಬಿಡದೆ ಮನೆಯ ಹಿರಿಯರಿಂದಲೇ ಕೇಳಿ ತಿಳಿಯಿರಿ.

ಜಾಳಗಿಯ ಕಣ್ಣು

ಅಂಗಡಿಯಲ್ಲಿ ‘ಹದಿನೆಂಟು ಹದಿನಾರು’ ಅಂದರೆ ಒಂದು ಇಂಚಿನಲ್ಲಿ ಒಂದು ಕಡೆಗೆ 18 ಎಳೆ, ಇನ್ನೊಂದು ಕಡೆಗೆ 16. ಕಣ್ಣಿನ ಅಗಲ ಸುಮಾರು 1.2 ಮಿಲಿಮೀಟರು. ಗುಂಗಾಡು ಇದರಲ್ಲಿ ನುಸುಳಲಾರದು, ನೊಣವಂತೂ ದೂರದ ಮಾತು. ಇನ್ನೂ ಸಣ್ಣ ಕಣ್ಣಿನದು ಬೇಕೆಂದು ಹಟ ಹಿಡಿಯುವವರಿದ್ದಾರೆ. ಹಿಡಿದಷ್ಟೂ ಗಾಳಿ ಕಡಿಮೆಯಾಗುತ್ತದೆ, ಮೇ ತಿಂಗಳ ರಾತ್ರಿ ಕರೆಂಟು ಹೋದಾಗ ಆ ಹಟವನ್ನು ಮನೆಯವರೆಲ್ಲ ನೆನೆಯುತ್ತಾರೆ. ಫೈಬರ್‌ಗ್ಲಾಸಿನದು ಅಗ್ಗ, ಮೆತ್ತಗೆ. ಬೆಕ್ಕು ಇಲ್ಲದ ಮನೆಗೆ ಸಾಕು. ಬೆಕ್ಕಿದ್ದರೆ, ಮೊಮ್ಮಕ್ಕಳಿದ್ದರೆ ಸ್ಟೀಲಿನದೇ ಆಗಬೇಕು. ವೆಲ್ಕ್ರೋ ಅಂಟಿಸುವುದು ಕಿಟಕಿಗೆ ಮಾತ್ರ. ನಡುವೆ ಅಯಸ್ಕಾಂತವಿದ್ದು ತಾನೇ ಕೂಡಿಕೊಳ್ಳುವ ಪರದೆ ಕೊಡ ಹೊತ್ತು ಬರುವವರಿಗೆ ಅನುಕೂಲ. ದನ ಹಿತ್ತಲಿಗೆ ನಡುಮನೆಯಿಂದಲೇ ದಾಟುವ ಮನೆಯಾದರೆ ಅದು ಆಕಳ ಕೋಡಿನ ಜತೆ ಹೊಲದ ತನಕ ಹೋಗುತ್ತದೆ.

ಜಾಳಗಿ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಕೇಳುವ ಹಕ್ಕು ಗಿರಾಕಿಗಿದೆ. ಮಾಡುತ್ತದೆ. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂಬುದರ ಎಳೆ ರೊನಾಲ್ಡ್ ರಾಸ್‌ಗೆ 1897ರಲ್ಲಿ ಸಿಕಂದರಾಬಾದಿನಲ್ಲಿ ಸಿಕ್ಕಿತು. ಅದಕ್ಕೂ ಮುಂಚೆ, 1883ರಲ್ಲಿ, ಆತ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ, ನಿಂತ ನೀರು ತೆಗೆದರೆ ಸೊಳ್ಳೆ ಕಡಿಮೆಯಾಗುವುದನ್ನು ಕಂಡುಕೊಂಡಿದ್ದ. ಇಟಲಿಯ ಜೊವಾನ್ನಿ ಬಟಿಸ್ಟಾ ಗ್ರಾಸ್ಸಿ 1900ರಲ್ಲಿ ಕಪಾಚಿಯೊ ಬಯಲಿನಲ್ಲಿ 112 ಜನರನ್ನು ಸಂಜೆಯಿಂದ ಬೆಳಗಿನ ತನಕ ಸೊಳ್ಳೆ ಮುಟ್ಟದಂತೆ ಕಾಪಾಡಿದ. ಅವರಲ್ಲಿ ಜ್ವರ ಬಂದದ್ದು ಐವರಿಗೆ ಮಾತ್ರ. ರಕ್ಷಣೆ ಇಲ್ಲದ 415 ಜನರಿಗೆ ಒಬ್ಬರೂ ಬಿಡದೆ ಬಂತು. ಇದಕ್ಕಿಂತ ಒಳ್ಳೆಯ ಜಾಹೀರಾತನ್ನು ಯಾವ ಅಂಗಡಿಯೂ ಕೊಡಲಾರದು. ಒಂದೇ ಸೂಕ್ಷ್ಮ: ಗ್ರಾಸ್ಸಿಯ 112 ಜನರ ಮನೆಗೆ ಸಂಜೆ ಮಾತಾಡಿಸಲು ಯಾರೂ ಬರುತ್ತಿರಲಿಲ್ಲವೆಂದು ಕಾಣುತ್ತದೆ.

ಬಾಗಿಲು ಯಾವ ಕಡೆ ತೆರೆಯಬೇಕು

ಮರದ ಬಾಗಿಲು ಒಳಗೆ ತೆರೆಯುತ್ತದೆ, ಆದ್ದರಿಂದ ಜಾಳಗಿ ಹೊರಗೆ ತೆರೆಯಬೇಕು. ಹೊರಗೆ ಕಟ್ಟಿ ಇದೆ. ಕಟ್ಟಿಯ ಮೇಲೆ ಕಾಕಾ ಕುಳಿತಿರುತ್ತಾರೆ. ಅವರು ಕೂರುವ ಜಾಗ ಮನೆ ಕಟ್ಟಿದ ದಿನವೇ ಗೊತ್ತಾದದ್ದು. ಜಾಳಗಿ ಎತ್ತ ತಿರುಗಿದರೆ ಅವರ ಮೊಣಕಾಲು ಉಳಿಯುತ್ತದೆ ಎಂಬುದನ್ನು ನೋಡಿ ಕೀಲು ಎಡಕ್ಕೋ ಬಲಕ್ಕೋ ತೀರ್ಮಾನಿಸಿ. ಕಾಕಾರನ್ನು ಸರಿಸುವ ಉಪಾಯ ಈ ಪುಸ್ತಿಕೆಯಲ್ಲಿ ಇಲ್ಲ.

ಬಳಕೆ

ದೀಪ ಹಚ್ಚುವ ಹೊತ್ತು ಮುಂಬಾಗಿಲು ಮುಚ್ಚಬಾರದು, ಲಕ್ಷ್ಮೀ ಬರುವ ಸಮಯ. ರಾತ್ರಿ ಕಚ್ಚುವ ಕ್ಯೂಲೆಕ್ಸ್ ಸೊಳ್ಳೆ ಗಟಾರದಿಂದ ಎದ್ದು ಬರುವುದೂ ಅದೇ ಹೊತ್ತಿಗೆ. ಹಿಂದೆ ಈ ಇಕ್ಕಟ್ಟನ್ನು ಕುಳ್ಳಿನ ಕೆಂಡದ ಮೇಲೆ ಬೇವಿನ ಸೊಪ್ಪು ಹಾಕಿ ಬಗೆಹರಿಸುತ್ತಿದ್ದರು. ಗುಂಗಾಡೂ ಕೆಮ್ಮುತ್ತಿತ್ತು, ಮನೆಯವರೂ ಕೆಮ್ಮುತ್ತಿದ್ದರು. ಜಾಳಗಿಯ ನಿಜವಾದ ಲಾಭ ಇಲ್ಲಿದೆ: ಮರದ ಬಾಗಿಲು ತೆರೆದೇ ಇರುತ್ತದೆ, ಜಾಳಗಿ ಹಾಕಿರುತ್ತದೆ. ಲಕ್ಷ್ಮೀ 1.2 ಮಿಲಿಮೀಟರಿನಲ್ಲಿ ಬರಬಲ್ಲಳೇ ಎಂದು ಅತ್ತೆಯವರು ಕೇಳಿದರೆ, ಬೆಂಗಳೂರಿನ ಮಗ ಕಳಿಸುವ ರೊಕ್ಕ ಈಚೆಗೆ ಯಾವ ಬಾಗಿಲೂ ದಾಟದೆ ಫೋನಿನಲ್ಲೇ ಬರುತ್ತಿದೆಯೆಂದು ನೆನಪಿಸಬಹುದು.

ಮುಂದಿನ ಕಷ್ಟ ಬರುವವರದು. ಜಾಳಗಿ ಇಲ್ಲದ ಬಾಗಿಲಲ್ಲಿ ನಿಂತವರು ‘ಏನ್ ಮಾಡಾಕತ್ತೀರಿ ವೈನಿ?’ ಎನ್ನುತ್ತಲೇ ಅಡುಗೆಮನೆ ಮುಟ್ಟಿರುತ್ತಾರೆ. ಜಾಳಗಿ ಇದ್ದರೆ ಹೊರಗೇ ನಿಂತು, ಹಣೆಯನ್ನು ಅದಕ್ಕೆ ಒತ್ತಿ, ‘ಇದನ್ನ ಹೆಂಗ್ ತಗೀಬೇಕ್ರಿ?’ ಎಂದು ಕೇಳುತ್ತಾರೆ. ನೀವು ಎದ್ದು ಬಂದು ತೆಗೆಯುತ್ತೀರಿ. ಅವರು ಒಳಗೂ ಬಾರದೆ ಹೊರಗೂ ಹೋಗದೆ ಹೊಸ್ತಿಲಲ್ಲೇ, ಒಂದು ಕೈಯಲ್ಲಿ ಜಾಳಗಿ ಹಿಡಿದುಕೊಂಡು, ಮಗಳ ಹೆರಿಗೆಯಿಂದ ಉಳ್ಳಾಗಡ್ಡಿಯ ದರದ ತನಕ ಎಲ್ಲ ಹೇಳುತ್ತಾರೆ. ಆ ಹೊತ್ತು ಪೂರ್ತಿ ಬಾಗಿಲು ತೆರೆದೇ ಇರುತ್ತದೆ. ‘ಒಳಗ ಬರ್ರಿ, ಚಾ ಕುಡೀರಿ’ ಅಂದರೆ ‘ಬ್ಯಾಡ್ರಿ, ಹೊಂಟೆ’ ಎಂಬ ಉತ್ತರ ಬರುತ್ತದೆ, ಹೋಗುವುದಿಲ್ಲ. ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಕೂಡಿಸಿದರೆ ಇದಕ್ಕೆ ಪರಿಹಾರ ಎಂದು ಕೆಲವರ ನಂಬಿಕೆ. ಸ್ಪ್ರಿಂಗು ಹೋದವರ ಹಿಮ್ಮಡಿಗೆ ಬಡಿಯುತ್ತದೆ, ಅವರು ಇನ್ನೊಂದು ಮನೆಗೆ ಹೋಗಿ ಅದನ್ನೂ ಹೇಳುತ್ತಾರೆ. ನಿಧಾನ ಮುಚ್ಚುವ ಬಗೆಯದನ್ನೇ ಕೇಳಿ ತನ್ನಿ.

ಮದುವೆ, ಸೀಮಂತ, ಜಾತ್ರೆಯ ದಿನಗಳಲ್ಲಿ ಜಾಳಗಿಯನ್ನು ಕೀಲಿನಿಂದ ಬಿಚ್ಚಿ ಅಟ್ಟಕ್ಕೆ ಹಾಕುವುದು ಮಾನ ಉಳಿಸುವ ದಾರಿ. ಆದ್ದರಿಂದ ಎತ್ತಿ ತೆಗೆಯಬರುವ ಕೀಲನ್ನು ಮೊದಲೇ ಹೇಳಿ ಹಾಕಿಸಬೇಕು.

ಸ್ವಚ್ಛತೆ

ಮೊದಲ ಮಳೆ ಬಿದ್ದ ಸಂಜೆ ಈಸಲು ಹುಳಗಳು ದೀಪ ಹುಡುಕಿ ಸಾವಿರಗಟ್ಟಲೆ ಏಳುತ್ತವೆ. ಅವತ್ತು ಜಾಳಗಿಯ ಒಳಗೆ ಕುಳಿತು ರೊಟ್ಟಿ ಉಣ್ಣುವ ಸುಖಕ್ಕಾಗಿಯೇ ಈ ಖರ್ಚೆಲ್ಲ ಸಾರ್ಥಕ. ಉಳಿದ ದಿನ ಅದರ ಶತ್ರು ಧೂಳು. ಕಡಲೆ ರಾಶಿಯ ಕಾಲಕ್ಕೆ ಹೊಟ್ಟು, ಬೇಸಿಗೆ ಗಾಳಿಗೆ ಎರಿಹುಡಿ ಬಂದು ಕಣ್ಣುಗಳನ್ನು ಮುಚ್ಚುತ್ತವೆ. ನೆನಪಿಡಿ, ಮೊದಲು ಒಣ ಬ್ರಷ್ಷು, ಆಮೇಲೆ ಸೋಪಿನ ನೀರು. ನೇರ ನೀರು ಸುರಿದರೆ ಎರಿಹುಡಿ ಜಾಳಗಿಯ ಮೇಲೆ ಗಿಲಾವು ಆಗುತ್ತದೆ, ನಿಮಗೆ ಇನ್ನೊಂದು ಗೋಡೆ ಬರುತ್ತದೆ. ಅದೂ ಬಿರುಕು ಬಿಡುತ್ತದೆ.

ತೊಂದರೆ ಬಂದರೆ

ಬಾಗಿಲು ಹಿಡಿಯುತ್ತಿದೆ: ಮಳೆಗಾಲ. ಕಾಯಿರಿ.

ಸಂದು ಕಾಣುತ್ತಿದೆ: ಬೇಸಿಗೆ. ಕಾಯಿರಿ.

ಜಾಳಗಿ ಹಾಕಿದ ಮೇಲೂ ಗುಂಗಾಡು ಕಚ್ಚುತ್ತಿದೆ, ಅದೂ ಹಗಲು ಹೊತ್ತಿನಲ್ಲಿ, ಕಾಲಿನ ಹರಡಿಗೆ: ಇದು ಹೆಚ್ಚಿನ ಮನೆಗಳಿಂದ ಬರುವ ದೂರು, ಇದಕ್ಕೆ ಅಂಗಡಿಯವರ ಮೇಲೆ ಸಿಟ್ಟಾಗಿ ಉಪಯೋಗವಿಲ್ಲ. ಹಗಲು ಕಚ್ಚುವ, ಕಾಲಿಗೆ ಬಿಳಿ ಪಟ್ಟೆ ಇರುವ ಈಡಿಸ್ ಸೊಳ್ಳೆ ಹೊರಗಿನಿಂದ ಬರಬೇಕೆಂದೇನೂ ಇಲ್ಲ. ಅದು ಡೆಂಗಿ ಹರಡುವ ಜಾತಿ; ಗಟಾರದ ಹೊಲಸು ಅದಕ್ಕೆ ಒಲ್ಲದು, ತುಂಬಿಟ್ಟ ತಿಳಿನೀರೇ ಬೇಕು. ನಮ್ಮ ಸೀಮೆಯಲ್ಲಿ ತಿಳಿನೀರನ್ನು ತುಂಬಿಡದ ಮನೆ ಯಾವುದು? ಮಲಪ್ರಭೆಯ ನೀರು, ನೀರಸಾಗರದ ನೀರು ಎಂದು ಹೆಸರು ದೊಡ್ಡದಿದ್ದರೂ ಹುಬ್ಬಳ್ಳಿಯ ಎಷ್ಟೋ ಓಣಿಗಳು ನಲ್ಲಿಗಾಗಿ ವಾರಗಟ್ಟಲೆ ಕಾದಿವೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಕೆಲವು ವಾರ್ಡುಗಳಲ್ಲಿ 2008ರಿಂದ ದಿನದ 24 ತಾಸೂ ನೀರು ಬಿಡುವ ಪ್ರಯೋಗ ನಡೆದರೂ, ನೀಲಿ ಬ್ಯಾರಲ್ ಮಾರುವ ಅಂಗಡಿಗಳು ಮುಚ್ಚಿಲ್ಲ. ಬೆಚ್ಚಗಿನ ಹವೆಯಲ್ಲಿ ಈಡಿಸ್ ಮೊಟ್ಟೆಯಿಂದ ರೆಕ್ಕೆಯ ತನಕ ಬೆಳೆಯಲು ಸುಮಾರು ಎಂಟು-ಹತ್ತು ದಿನ ಸಾಕು. ನಲ್ಲಿ ಬರುವ ಸರದಿಗೂ ಸೊಳ್ಳೆ ಹುಟ್ಟುವ ಸರದಿಗೂ ಇಂಥ ತಾಳಮೇಳ ಯಾವ ಇಲಾಖೆಯೂ ಬೇಕೆಂದು ಮಾಡಿದ್ದಲ್ಲ. ಬ್ಯಾರಲ್ಲು ಬಚ್ಚಲಲ್ಲಿ, ಬಚ್ಚಲು ಮನೆಯೊಳಗೆ, ಮನೆಗೆ ಅಳತೆಗೆ ಹೊಂದುವ ಜಾಳಗಿ. ಒಳಗೆ ಹುಟ್ಟಿದ ಸೊಳ್ಳೆ ಹೊರಗೆ ಹೋಗದಂತೆ ನೀವೇ ಬಂದೋಬಸ್ತು ಮಾಡಿದ್ದೀರಿ.

ಆಶಾ ಕಾರ್ಯಕರ್ತೆ ಲಾರ್ವಾ ನೋಡಲು ಬಂದಾಗ ‘ನಮ್ಮನ್ಯಾಗ ಗುಂಗಾಡಿಲ್ರಿ ಯಕ್ಕಾ, ಜಾಳಗಿ ಹಾಕ್ಸೇವಿ’ ಎಂದು ಹೇಳಿ ಕಳಿಸಬೇಡಿ. ಆಕೆಗೆ ಬಾಗಿಲಿನ ಗೊಡವೆ ಇಲ್ಲ, ಬ್ಯಾರಲ್ ಎಲ್ಲಿದೆ ಎಂದಷ್ಟೇ ಕೇಳುತ್ತಾಳೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಮನೆಯಲ್ಲಿ ಸೊಳ್ಳೆ ಹುಟ್ಟಲು ಬಿಟ್ಟವರಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತು ಮಾಡಿತು. ಸುಳ್ಳ ರಸ್ತೆಯಲ್ಲಿ ನಡೆಯುತ್ತ ಹೋದರೆ ಎಲ್ಲೋ ಒಂದು ಕಡೆ ಅದೇ ಸೊಳ್ಳೆಯ ಬೆಲೆ ಅರ್ಧಕ್ಕಿಳಿಯುತ್ತದೆ.

ಉಳಿದ ತುಂಡು

ಬಾಗಿಲಿಗೆ ಕತ್ತರಿಸಿ ಉಳಿದ ಜಾಳಗಿಯನ್ನು ಅಂಗಡಿಯವರು ತಾವೇ ಇಟ್ಟುಕೊಳ್ಳುತ್ತಾರೆ. ಕೇಳಿ ತೆಗೆದುಕೊಳ್ಳಿ, ರೊಕ್ಕ ಕೊಟ್ಟದ್ದು ನೀವು. ವಾರಕ್ಕೊಮ್ಮೆ ಬ್ಯಾರಲ್ ಬರಿದು ಮಾಡಿ ಒಳಗೋಡೆಯನ್ನು ತಿಕ್ಕಿ ತೊಳೆಯಿರಿ. ಬರೀ ನೀರು ಚೆಲ್ಲಿದರೆ ಸಾಲದು, ಗೋಡೆಗಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತದೆ. ಮತ್ತೆ ತುಂಬಿದ ಮೇಲೆ, ಬಾಯಿಗಿಂತ ನಾಲ್ಕು ಬೆರಳು ಸುತ್ತ ಹೆಚ್ಚು ಬರುವಂತೆ ಆ ತುಂಡನ್ನು ದುಂಡಗೆ ಕತ್ತರಿಸಿ ಬಿಗಿಯಾಗಿ ಹೊದಿಸಿ, ಹಳೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರಿನಿಂದ ಕಟ್ಟಿ. ಇದಕ್ಕೆ ಕರ್ಣ ಅಳೆಯುವ ಕೆಲಸವಿಲ್ಲ, ಋತು ನೋಡಬೇಕಾಗಿಲ್ಲ, ಯಾರ ಒಪ್ಪಿಗೆಯೂ ಬೇಡ. ತಂಬಿಗೆ ಅದ್ದುವಾಗ ಬಿಚ್ಚಿ, ಅದ್ದಿದ ಮೇಲೆ ಕಟ್ಟಿ. ಎರಡನೆಯ ಕೆಲಸಕ್ಕೆ ಮನೆಯಲ್ಲಿ ಒಬ್ಬರ ಹೆಸರು ಹಿಡಿದು ಹೇಳಿರಿ, ಇಲ್ಲದಿದ್ದರೆ ಯಾರೂ ಕಟ್ಟುವುದಿಲ್ಲ.