ಬಾಡಿಗೆ ಕೋಣೆಯ ವ್ಯಾಕರಣ: ಸಂಧಿ, ಸಮಾಸ ಮತ್ತು ಅಡ್ವಾನ್ಸ್

ಪೀಠಿಕೆ

ನಮ್ಮ ವೈಯಾಕರಣರು ಅಕ್ಷರಗಳಿಗೆಲ್ಲ ಜಾಗ ಹುಡುಕಿಕೊಟ್ಟವರು. ಯಾವುದರ ಪಕ್ಕ ಯಾವುದು ಕೂರಬೇಕು, ಯಾವುದು ಬಂದರೆ ಯಾವುದು ಎದ್ದುಹೋಗಬೇಕು ಎಂಬುದನ್ನು ಕೂದಲು ಸೀಳಿ ಬರೆದಿಟ್ಟರು. ಆದರೆ ಆ ವ್ಯಾಕರಣವನ್ನೇ ಓದಲು ಊರು ಬಿಟ್ಟು ಬೆಂಗಳೂರಿಗೆ ಬಂದ ಹುಡುಗ ರಾತ್ರಿ ಎಲ್ಲಿ ಮಲಗಬೇಕು ಎಂಬುದಕ್ಕೆ ಮಾತ್ರ ಒಂದು ಸೂತ್ರವೂ ಸಿಗುವುದಿಲ್ಲ. ಆ ಕೊರತೆ ನೀಗಲೆಂದು ಈ ಪ್ರಬಂಧ. ಕ್ಷೇತ್ರಕಾರ್ಯ ನಡೆದದ್ದು ನಾಗರಭಾವಿ, ಮಲ್ಲತ್ತಹಳ್ಳಿ, ಉಲ್ಲಾಳ, ವಿಜಯನಗರಗಳಲ್ಲಿ. ಬಳಸಿದ ಉಪಕರಣ: ಒಂದು ಜೊತೆ ಚಪ್ಪಲಿ (ಈಗಿಲ್ಲ).

1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಸಾವಿರ ಎಕರೆಗೂ ಮಿಗಿಲಾದದ್ದು. ಅಲ್ಲಿ ಮರಗಳಿಗೆ ಧಾರಾಳವಾಗಿ ಜಾಗವಿದೆ. 2021ರಲ್ಲಿ ಮೆಟ್ರೋ ಬಂತು, ಜ್ಞಾನಭಾರತಿ ಹೆಸರಿನ ನಿಲ್ದಾಣವೂ ಆಯಿತು. ಆ ಮೇಲೆ ‘ಮೆಟ್ರೋಗೆ ಐದೇ ನಿಮಿಷ’ ಎಂಬ ಹೊಸ ಅಲಂಕಾರವೊಂದು ಟು-ಲೆಟ್ ಬೋರ್ಡುಗಳನ್ನು ಸೇರಿತು. ಅದು ಅತಿಶಯೋಕ್ತಿಯೆಂದು ಚಪ್ಪಲಿ ಸವೆಸಿ ಸಿದ್ಧಪಡಿಸಲಾಗಿದೆ.

1. ವಿಭಕ್ತಿ ಪ್ರಕರಣ

ಹಾಸ್ಟೆಲ್ ಸೀಟಿಗೆ ಅರ್ಜಿ ಹಾಕುವ ಕ್ರಮವನ್ನು ಏಳು ವಿಭಕ್ತಿಗಳಲ್ಲಿ ಹೇಳಿ ಮುಗಿಸಬಹುದು. ಪ್ರಥಮಾ: ವಿದ್ಯಾರ್ಥಿಯು. ದ್ವಿತೀಯಾ: ಅರ್ಜಿಯನ್ನು. ತೃತೀಯಾ: ಆರ್‌ಡಿ ನಂಬರಿರುವ ಜಾತಿ–ಆದಾಯ ಪ್ರಮಾಣಪತ್ರದಿಂದ. ಚತುರ್ಥೀ: ವಾರ್ಡನ್ನರಿಗೆ. ಪಂಚಮೀ: ಸರ್ವರ್ ಡೌನಾದ ದೆಸೆಯಿಂದ. ಷಷ್ಠೀ: ಪರಿಚಯದವರ. ಸಪ್ತಮೀ: ವೇಟಿಂಗ್ ಲಿಸ್ಟಿನಲ್ಲಿ. ಕೊನೆಗೆ ಉಳಿಯುವುದು ಸಂಬೋಧನೆ: “ಅಪ್ಪಾ, ಸೀಟು ಸಿಗ್ಲಿಲ್ಲ.”

ಹೀಗೆ ಸಂಬೋಧನೆಗೆ ಬಂದು ನಿಂತ ಹಿಂದುಳಿದ ವರ್ಗಗಳ ಮಕ್ಕಳಿಗಾಗಿ ಸರ್ಕಾರ ವಿದ್ಯಾಸಿರಿ ಯೋಜನೆ ತಂದಿತು. ಊಟ–ವಸತಿಗೆಂದು ಆರಂಭದಲ್ಲಿ ಕೊಟ್ಟದ್ದು ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ 10 ತಿಂಗಳು. ಉಳಿದೆರಡು ತಿಂಗಳು ವಿದ್ಯಾರ್ಥಿ ಊರಿನಲ್ಲಿರುತ್ತಾನೆಂದು ಸರ್ಕಾರದ ಊಹೆ. ಆ ಎರಡು ತಿಂಗಳ ಬಾಡಿಗೆಯನ್ನೂ ಅವನೇ ಕಟ್ಟುತ್ತಾನೆಂದು ಓನರ್ ಊಹೆ. ಎರಡೂ ಊಹೆಗಳು ಏಕಕಾಲಕ್ಕೆ ನಿಜವಾಗುವುದನ್ನು ನಮ್ಮಲ್ಲಿ ತಂದೆಯ ಸಾಲ ಎನ್ನುತ್ತಾರೆ.

2. ಸಂಖ್ಯಾ ಪ್ರಕರಣ

ಈ ಶಾಸ್ತ್ರದಲ್ಲಿ ಪೂಜ್ಯವಾದ ಸಂಖ್ಯೆಗಳು ಎರಡೇ: ಹತ್ತು ಮತ್ತು ಹನ್ನೊಂದು. ಹತ್ತು ಎಂದರೆ ಅಡ್ವಾನ್ಸ್, ಅಂದರೆ ಹತ್ತು ತಿಂಗಳ ಬಾಡಿಗೆ. ಬೆಂಗಳೂರಿನ ಓನರುಗಳಿಗೆ ಇದು ಶ್ರುತಿವಾಕ್ಯ. ಯಾರು ಹೇಳಿದರೆಂದು ಕೇಳಕೂಡದು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎನ್ನುತ್ತದೆ. ಆದರೆ ‘ಮಾದರಿ’ ಎಂಬ ವಿಶೇಷಣ ಅಂಟಿದ್ದನ್ನೆಲ್ಲ, ಮಾದರಿ ಗ್ರಾಮ, ಮಾದರಿ ವಿದ್ಯಾರ್ಥಿಗಳಂತೆ, ದೂರದಿಂದ ನೋಡಿ ಮೆಚ್ಚುವುದು ನಮ್ಮ ಸಂಪ್ರದಾಯ.

ಹನ್ನೊಂದು ಎಂದರೆ ಅಗ್ರಿಮೆಂಟು. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. ಆದ್ದರಿಂದ ಛಾಪಾಕಾಗದದ ಮೇಲೆ ವರ್ಷಕ್ಕೆ ಹನ್ನೊಂದೇ ತಿಂಗಳು. ಹನ್ನೆರಡನೆಯದು ಅಧಿಕಮಾಸ, ಆಗ ಬಾಡಿಗೆ ಏರುತ್ತದೆ, ಇಲ್ಲವೇ ವಿದ್ಯಾರ್ಥಿ ಇಳಿಯುತ್ತಾನೆ.

3. ಸಂಧಿ ಪ್ರಕರಣ

ಓನರ್ ಮತ್ತು ವಿದ್ಯಾರ್ಥಿ ಕಾಲವಿಳಂಬವಿಲ್ಲದೆ ಸೇರುವುದೇ ಸಂಧಿ. ನಡುವೆ ಬ್ರೋಕರ್ ಇದ್ದರೆ ವಿಳಂಬವೂ ಉಂಟು, ಒಂದು ತಿಂಗಳ ಬಾಡಿಗೆಯಷ್ಟು ಕಮಿಷನ್ನೂ ಉಂಟು.

ಲೋಪ ಸಂಧಿ: ಸೇರುವಾಗ ಇದ್ದದ್ದು ಬಿಡುವಾಗ ಕಾಣೆಯಾಗುವುದು. ಅಡ್ವಾನ್ಸ್ + ಪೇಂಟಿಂಗ್ ಚಾರ್ಜು + ಗೋಡೆಗೆ ಹೊಡೆದ ಒಂದು ಮೊಳೆ = ‘ಲೆಕ್ಕ ಚುಕ್ತಾ ಆಯ್ತಲ್ಲಪ್ಪ.’ ಇಲ್ಲಿ ಲೋಪವಾದದ್ದು ಪೂರ್ವಪದ.

ಆಗಮ ಸಂಧಿ: ‘ಮನೆ’ ಮತ್ತು ‘ಅನ್ನು’ ಸೇರುವಾಗ ಎಲ್ಲಿಂದಲೋ ಒಂದು ‘ಯ’ ಬಂದು ನಡುವೆ ಕೂರುವುದನ್ನು ಹೈಸ್ಕೂಲಿನಲ್ಲೇ ಓದಿದ್ದೇವೆ. ಪಿ.ಜಿ.ಯಲ್ಲಿ ಎರಡು ಮಂಚಗಳ ನಡುವೆ ಹೀಗೆಯೇ ಮೂರನೆಯ ಮಂಚ ಬರುತ್ತದೆ. ಸಂಜೆ ಕಾಲೇಜಿನಿಂದ ಬಂದು ನೋಡಿದರೆ ‘ಯ’ಕಾರ ಆಗಲೇ ಮಲಗಿ ಗೊರಕೆ ಹೊಡೆಯುತ್ತಿರುತ್ತದೆ.

ಆದೇಶ ಸಂಧಿ: ಗೋಡೆಯ ಮೇಲೆ ಅಂಟಿಸಿದ್ದು. ರಾತ್ರಿ ಹತ್ತಕ್ಕೆ ಗೇಟು ಬಂದ್. ಇಸ್ತ್ರಿಪೆಟ್ಟಿಗೆ ನಿಷೇಧ. ಗೆಳೆಯರು ಬಂದರೆ ದಿನಕ್ಕೆ ಇಷ್ಟು. ವ್ಯಾಕರಣದ ಆದೇಶದಲ್ಲಿ ‘ಕ’ ಹೋಗಿ ‘ಗ’ ಬರುತ್ತದೆ, ಒರಟು ಹೋಗಿ ಮೃದು. ಗೋಡೆಯ ಆದೇಶದಲ್ಲಿ ಇದು ತಿರುಗುಮುರುಗು.

ಪ್ರಕೃತಿಭಾವ: ಎರಡು ಸ್ವರಗಳು ಅಕ್ಕಪಕ್ಕದಲ್ಲಿದ್ದೂ ಸೇರದೆ ಉಳಿಯುವುದು. ಉದಾಹರಣೆ: ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಇಬ್ಬರು ರೂಮ್‌ಮೇಟುಗಳು.

4. ಸಮಾಸ ಪ್ರಕರಣ

ಡಬಲ್ ಶೇರಿಂಗ್ ದ್ವಂದ್ವ ಸಮಾಸ. ಎರಡೂ ಪದಗಳಿಗೆ ಸಮಾನ ಪ್ರಾಧಾನ್ಯ, ಚಾರ್ಜರಿನ ಪ್ಲಗ್ಗು ಒಂದೇ ಎಂದು ತಿಳಿಯುವ ತನಕ. ತ್ರಿಬಲ್ ಶೇರಿಂಗ್ ದ್ವಿಗು. ಪೂರ್ವಪದ ಸಂಖ್ಯಾವಾಚಕ, ಉತ್ತರಪದ ಬಾತ್‌ರೂಮಿನ ಕ್ಯೂ. ‘ಸಿಂಗಲ್ ಶೇರಿಂಗ್’ ಎಂಬ ಪ್ರಯೋಗವೂ ಸಿಗುತ್ತದೆ. ಒಬ್ಬನೇ ಯಾರೊಂದಿಗೆ ಹಂಚಿಕೊಳ್ಳುತ್ತಾನೆಂಬುದು ಪಂಡಿತರಲ್ಲಿ ವಿವಾದಗ್ರಸ್ತ. ತಿಗಣೆಗಳೊಂದಿಗೆ ಎಂಬುದು ಬಹುಮತ.

‘ಲಕ್ಷುರಿ ಪಿ.ಜಿ.’ ಅಪ್ಪಟ ಬಹುವ್ರೀಹಿ. ‘ಮುಕ್ಕಣ್ಣ’ ಎಂದರೆ ಮೂರೂ ಅಲ್ಲ, ಕಣ್ಣೂ ಅಲ್ಲ, ಶಿವ. ಹಾಗೆಯೇ ಇಲ್ಲಿ ಲಕ್ಷುರಿಯೂ ಇಲ್ಲ, ಅತಿಥಿಯೂ ಇಲ್ಲ. ಅರ್ಥ ಬೇರೆಲ್ಲೋ, ಬಹುಶಃ ಓನರ್ ಪಾಸ್‌ಬುಕ್ಕಿನಲ್ಲಿದೆ. ತಿಥಿ ನೋಡದೆ ಬಂದವನು ಅತಿಥಿ ಎಂದು ಹಿರಿಯರ ವ್ಯುತ್ಪತ್ತಿ. ಪ್ರತಿ ತಿಂಗಳ 5ನೇ ತಾರೀಖಿಗೆ ತಪ್ಪದೆ ಸಿಕ್ಕಿಬೀಳುವವನು ಪೇಯಿಂಗ್ ಗೆಸ್ಟ್.

5. ಛಂದಸ್ಸು

2024ರಲ್ಲಿ ಆಗಿನ ಬಿಬಿಎಂಪಿ, ಪಿ.ಜಿ.ಗಳಲ್ಲಿ ತಲೆಗೆ ಕನಿಷ್ಠ 70 ಚದರಡಿ ಜಾಗವಿರಬೇಕೆಂದು ಮಾತ್ರೆ ಗೊತ್ತುಮಾಡಿತು. ಹತ್ತು ಅಡಿಗೆ ಹನ್ನೆರಡಡಿಯ ಕೋಣೆಯಲ್ಲಿ 120 ಚದರಡಿ. ಮೂವರಿಗೆ ಬೇಕಾದದ್ದು 210. ಗಣ ಕೆಟ್ಟಿತು. ಪ್ರಾಸಕ್ಕೇನೂ ಕೊರತೆಯಿಲ್ಲ: ಬೆಳಿಗ್ಗೆ ಚಿತ್ರಾನ್ನ, ರಾತ್ರಿ ಉಳಿದನ್ನ.

6. ಮನೆಯೆಂಬ ಪದದ ಮೀಮಾಂಸೆ

ಪಿ.ಜಿ. ಮನೆಯೋ ಅಲ್ಲವೋ? 2022ರಲ್ಲಿ ಕರ್ನಾಟಕ ಹೈಕೋರ್ಟು, ವಿದ್ಯಾರ್ಥಿಗಳೂ ನೌಕರರೂ ತಂಗುವ ಹಾಸ್ಟೆಲು ವಾಸದ ಮನೆಯೇ ಎಂದಿತು. 2023ರಲ್ಲಿ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರದ ಬೆಂಗಳೂರು ಪೀಠ, ಅಲ್ಲ, ಶೇ 12 ತೆರಿಗೆ ಕಟ್ಟಿ ಎಂದಿತು. 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ, ತಿಂಗಳಿಗೆ 20,000 ರೂಪಾಯಿ ಒಳಗಿದ್ದು 90 ದಿನ ಸತತವಾಗಿ ಉಳಿದರೆ ತೆರಿಗೆ ಬೇಡ ಎಂದಿತು. ಮೂರೂ ಕಡೆಯವರು ಮುಖ್ಯ ಸಾಕ್ಷಿಯೊಂದನ್ನು ವಿಚಾರಿಸದೆ ಬಿಟ್ಟರು. ಹಾವೇರಿಯಿಂದ ಅವ್ವ ಫೋನು ಮಾಡಿ “ಮನೀಗೆ ಯಾವಾಗ ಬರ್ತೀಯೋ?” ಎಂದು ಕೇಳುತ್ತಾಳಲ್ಲ, ಆಗ ಅವಳ ಲೆಕ್ಕದಲ್ಲಿ ಪಿ.ಜಿ. ಇರುವುದೇ ಇಲ್ಲ.

7. ಪ್ರಶ್ನಾರ್ಥಕ ಪ್ರಕರಣ

ಹಿಂದೆ ವಾರಾನ್ನವಿತ್ತು. ಬಡ ಹುಡುಗ ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದುತ್ತಿದ್ದ. ಆ ಏಳೂ ಬಾಗಿಲು ಎಲ್ಲ ಜಾತಿಗೂ ತೆರೆದವಲ್ಲ. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆಯಂಥ ಕಡೆ ಪ್ರಸಾದನಿಲಯಗಳು ಬೆಳೆದದ್ದು, ಸಮುದಾಯಗಳು ತಮ್ಮ ತಮ್ಮ ಮಕ್ಕಳಿಗೆ ಹಾಸ್ಟೆಲು ಕಟ್ಟಿಸಿದ್ದು, ಬಾಗಿಲು ಮುಚ್ಚಿದ್ದರ ಅರಿವಿನಿಂದಲೂ ಹೌದು. ಈಗ ಜಾತಿ ಕೇಳುವುದು ಅಸಭ್ಯ. ಆದ್ದರಿಂದ ಓನರ್ ಆಂಟಿ ವ್ಯಾಕರಣಶುದ್ಧವಾಗಿ ಕೇಳುತ್ತಾರೆ: “ನೀವು ವೆಜ್ಜಾ?” “ಪೂರ್ತಿ ಹೆಸರೇನಪ್ಪ?” “ಯಾವ ಕಡೆಯವರು?” ಮೂರು ಪ್ರಶ್ನೆ, ಒಂದೇ ಅರ್ಥ, ಇದಕ್ಕೆ ಪರ್ಯಾಯಪದಗಳೆನ್ನಬಹುದು. ಉತ್ತರ ಒಗ್ಗದಿದ್ದರೆ ಕಾಲ ಬದಲಾಗುತ್ತದೆ. ಭೂತ: “ನಿನ್ನೆ ತನಕ ಖಾಲಿ ಇತ್ತು.” ಭವಿಷ್ಯತ್: “ಮುಂದಿನ ತಿಂಗಳು ಖಾಲಿಯಾಗ್ಬಹುದು.” ಕೋಣೆಗೆ ವರ್ತಮಾನಕಾಲವಿಲ್ಲ.

8. ಪ್ರಯೋಗ ಪ್ರಕರಣ ಮತ್ತು ಸಿದ್ಧಾಂತ

ಸಂಗ್ರಹಿಸಿದ ವಾಕ್ಯಗಳನ್ನು ಹರಡಿಕೊಂಡು ನೋಡಿದಾಗ ಒಂದು ಸಂಗತಿ ಹೊಳೆಯಿತು. ‘ಬ್ಯಾಚುಲರ್‌ಗಳಿಗೆ ಕೊಡಲಾಗುವುದಿಲ್ಲ.’ ‘ಸೀಟುಗಳನ್ನು ಈಗಾಗಲೇ ಹಂಚಲಾಗಿದೆ.’ ‘ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲಾಗುವುದು.’ ಎಲ್ಲವೂ ಕರ್ಮಣಿ ಪ್ರಯೋಗ. ಕೊಡದವರು ಯಾರು, ಹಂಚಿದವರು ಯಾರು, ಮುರಿದುಕೊಂಡವರು ಯಾರು ಎಂದು ಒಂದು ವಾಕ್ಯವೂ ಹೇಳುವುದಿಲ್ಲ. ವಿದ್ಯಾರ್ಥಿಯಂತೂ ಯಾವ ವಾಕ್ಯದಲ್ಲೂ ಕರ್ತೃವಲ್ಲ. ಅವನಿಗೆ ನಗರ ಕೊಟ್ಟಿರುವ ಸ್ಥಾನ ಕರ್ಮದ್ದು, ಶಾಸ್ತ್ರಾರ್ಥದಲ್ಲೂ ಲೋಕಾರ್ಥದಲ್ಲೂ. ಓದಲು ಕರೆದ ಊರೇ ಮಲಗಲು ಜಾಗ ಕೇಳಿದಾಗ ಹೀಗೆ ಕರ್ತೃವನ್ನು ಬಚ್ಚಿಟ್ಟು ಮಾತಾಡುತ್ತದೆ.

ಈ ಪ್ರಬಂಧ ಬರೆದು ಮುಗಿಯುವ ಹೊತ್ತಿಗೆ ಪ್ರಬಂಧಕಾರನ ಹನ್ನೊಂದನೆಯ ತಿಂಗಳೂ ಮುಗಿಯುತ್ತಿದೆ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಗೇಟಿಗೆ ಟು-ಲೆಟ್ ಬೋರ್ಡು ತೂಗುಹಾಕಿದ್ದು, ಬೆನ್ನಿಗೆ ಬ್ಯಾಗು ಹಾಕಿಕೊಂಡ ಯಾರಾದರೂ ಬೆಲ್ ಒತ್ತಿದರೆ, ಹೆಸರು ಕೇಳುವ ಮೊದಲು ಕರ್ತರಿ ಪ್ರಯೋಗದಲ್ಲಿ ಒಂದು ವಾಕ್ಯ ಹೇಳಿ ನೋಡಿ: “ಬಾರಪ್ಪ, ರೂಮು ತೋರಿಸ್ತೀನಿ.”