ಕೈನಡುಕದ ಕಸುಬು

ಕೈ ನಡುಗಬಾರದೆಂದು ಮನುಷ್ಯ ಪಟ್ಟಿರುವ ಪಾಡು ಅಷ್ಟಿಷ್ಟಲ್ಲ. ಕ್ಯಾಮೆರಾಕ್ಕೆ ಮುಕ್ಕಾಲಿ, ರಂಗೋಲಿ ಎಳೆಯುವಾಗ ಯಾರೂ ಮಾತಾಡಿಸಕೂಡದೆಂಬ ಕಟ್ಟಪ್ಪಣೆ. ಇಂಥ ಲೋಕದಲ್ಲಿ, ನಾನು ಸೂಜಿಗೆ ದಾರ ಪೋಣಿಸುವಾಗ ಪುಕ್ಕಟೆಯಾಗಿ ತೋರಿಸುವ ವಿದ್ಯೆಗೆ ಸಂಬಳ ಕೊಡುವವರಿದ್ದಾರೆ. ಬಂದೂಕು ಹಿಡಿದು ಓಡುವ ವಿಡಿಯೊ ಗೇಮ್ ತಯಾರಿಸುವವರು ಅವರು.

ಪರದೆಯ ಮೇಲೆ ಬಂದೂಕು ಇಟ್ಟರೆ ಅದು ಇಟ್ಟಲ್ಲೇ ಇರುತ್ತದೆ. ಹಿಡಿದವನಿಗೆ ಉಸಿರಿಲ್ಲ, ದಣಿವಿಲ್ಲ. ಸರಿ, ಯದ್ವಾತದ್ವಾ ಅಲುಗಿಸೋಣವೆಂದರೆ ಯೋಧನಿಗೆ ಮಲೇರಿಯಾ ಎಂದು ನೋಡಿದವರು ತೀರ್ಮಾನಿಸುತ್ತಾರೆ. ನಡುಕಕ್ಕೂ ಲಯ ಬೇಕು. 1993ರ ‘ಡೂಮ್’ ಆಟದಲ್ಲಿ ಓಡುವವನ ಬಂದೂಕನ್ನು ತೂಗಿದ್ದು ಸೈನ್, ಕೊಸೈನ್‌ಗಳು. ಪ್ರತಿಸಲ ಲೆಕ್ಕ ಹಾಕುತ್ತ ಕೂತರೆ ಆಟ ನಿಧಾನವಾದೀತೆಂದು ಬೆಲೆಗಳ ಕೋಷ್ಟಕವನ್ನು ಮೊದಲೇ ಮಾಡಿಟ್ಟಿದ್ದರು. ಆರ್ಯಭಟನೂ 499ರಲ್ಲಿ 24 ಜ್ಯಾ (ಎಂದರೆ ಸೈನ್) ಅಂತರಗಳನ್ನು ಒಂದೇ ಪದ್ಯದೊಳಗೆ ತುರುಕಿಟ್ಟಿದ್ದ. ಅವನಿಗೆ ಬೇಕಿದ್ದದ್ದು ಗ್ರಹಗತಿ. ‘ಡೂಮ್’ನಲ್ಲಿಯಂತೆ ರಾಕ್ಷಸರನ್ನು ಸುಡುವ ಉಪಯೋಗ ಹೊಳೆದಿರಲಾರದು.

ಮೌಸ್ ತಿರುಗಿಸಿದಾಗ ಬಂದೂಕು ತಕ್ಷಣ ತಿರುಗಿದರೂ ತಪ್ಪು. ಜಾತ್ರೆಯಲ್ಲಿ ಅಪ್ಪನ ಬೆರಳು ಹಿಡಿದ ಮಗು ಅಪ್ಪ ತಿರುಗಿದ ಮೇಲೆ ತಾನೂ ತಿರುಗಿ, ಓಡಿಬಂದು, ಒಂದು ಹೆಜ್ಜೆ ಮುಂದೆ ಹೋಗಿ, ಮತ್ತೆ ಹಿಂದೆ ಸರಿದು ನಿಲ್ಲುತ್ತದಲ್ಲ, ಹಾಗೆ ಬರಬೇಕು. ಅದಕ್ಕೊಂದು ಲೆಕ್ಕದ ಸ್ಪ್ರಿಂಗು. ‘ಪ್ರತಿ ಫ್ರೇಮಿಗೂ ಉಳಿದ ದೂರದ ಹತ್ತನೇ ಒಂದು ಪಾಲು ಸಾಗು’ ಎಂಬ ಸುಲಭೋಪಾಯವೂ ಉಂಟು. ಆದರೆ ಸೆಕೆಂಡಿಗೆ 30 ಫ್ರೇಮು ತೋರಿಸುವ ಹಳೇ ಯಂತ್ರದಲ್ಲಿ ಸೆಕೆಂಡು ಕಳೆದರೂ ಶೇ. 4ರಷ್ಟು ದೂರ ಬಾಕಿ. 60 ಫ್ರೇಮಿನದರಲ್ಲಿ ಶೇ. 0.2 ಕೂಡ ಇಲ್ಲ. ಬಡವನ ಯೋಧ ಸೋಮಾರಿ, ಸಿರಿವಂತನ ಯೋಧ ಚುರುಕು! ಈ ತಾರತಮ್ಯ ತಪ್ಪಿಸಲು ಫ್ರೇಮುಗಳ ನಡುವಿನ ಕಾಲವನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ.

2007ರ ‘ಕಾಲ್ ಆಫ್ ಡ್ಯೂಟಿ 4’ರಲ್ಲಿ ದೂರದ ಗುರಿಯಿಡುವಾಗ ಕೀಲಿಯೊಂದನ್ನು ಒತ್ತಿಹಿಡಿದರೆ ಯೋಧ ಉಸಿರು ಬಿಗಿಹಿಡಿಯುತ್ತಾನೆ, ತೂಗಾಟ ನಿಲ್ಲುತ್ತದೆ. ಕುರ್ಚಿಯಲ್ಲಿ ಕೂತ ನಾನೂ ಹಿಡಿಯುತ್ತೇನೆ. ನನಗೆ ಯಾರೂ ಹೇಳಿಲ್ಲ.

ಇನ್ನು ಗುಂಡು ಹಾರಿದಾಗಿನ ಒದೆತ. ನಿಜವಾದ ಬಂದೂಕಿನ ನಳಿಗೆ ಭುಜದ ಆಸರೆಗಿಂತ ತುಸು ಮೇಲಿದ್ದರೆ ಹಿಂದಕ್ಕೆ ಒದ್ದಾಗ ಮೂತಿ ಮೇಲೇಳುತ್ತದೆ. ‘ಕೌಂಟರ್-ಸ್ಟ್ರೈಕ್’ನ ಎಕೆ-47 ಕೂಡ 30 ಗುಂಡುಗಳನ್ನು ಮೊದಲು ಮೇಲಕ್ಕೆ, ಆಮೇಲೆ ಅತ್ತಿತ್ತ, ಹೆಚ್ಚುಕಡಿಮೆ ಗೊತ್ತುಪಡಿಸಿದ ಹಾದಿಯಲ್ಲೇ ಉಗುಳುತ್ತದೆ. ಬರೀ ಅದೃಷ್ಟದಾಟವಾದರೆ ಕಲಿಯುವುದೇನು ಉಳಿಯಿತು? ಆಟಗಾರರು ಖಾಲಿ ಗೋಡೆಗೆ ಗುಂಡು ಸುರಿದು ಹಾದಿಯನ್ನು ಬಾಯಿಪಾಠ ಮಾಡಿ, ಮೌಸನ್ನು ತದ್ವಿರುದ್ಧವಾಗಿ ಎಳೆಯುತ್ತಾರೆ. ಒಬ್ಬ ಬೆವರು ಸುರಿಸಿ ಅಲುಗಿಸಿದ್ದನ್ನು ಇನ್ನೊಬ್ಬ ಬೆವರು ಸುರಿಸಿ ನಿಲ್ಲಿಸುತ್ತಾನೆ.

ಬೆವರಲೊಲ್ಲದ ಮೂರನೆಯವನೊಬ್ಬನಿದ್ದಾನೆ. ಎಳೆಯುವ ಕೆಲಸವನ್ನು ಕಳ್ಳ ಪ್ರೋಗ್ರಾಮಿಗೆ ಒಪ್ಪಿಸುತ್ತಾನೆ. ಅದು ಪ್ರತಿಸಲವೂ ಕೂದಲೆಳೆಯಷ್ಟೂ ತಪ್ಪದೆ ಎಳೆಯುವುದರಿಂದಲೇ ಅನುಮಾನ ಹುಟ್ಟುತ್ತದೆ: ಇಷ್ಟು ನಡುಗದವನು ಮನುಷ್ಯನೇ? ಹೀಗಾಗಿ ಕಳ್ಳ ಪ್ರೋಗ್ರಾಮು ಬರೆಯುವವರೂ ಅದರಲ್ಲಿ ಕೊಂಚ ನಡುಕ ಬೆರೆಸತೊಡಗಿದ್ದಾರೆ. ಅದನ್ನೂ ಅಳೆದು ಸುರಿದೇ ಬೆರೆಸಬೇಕು. ಕಡಿಮೆಯಾದರೆ ಸಿಕ್ಕಿಬೀಳುತ್ತಾರೆ, ಹೆಚ್ಚಾದರೆ ಸೋಲುತ್ತಾರೆ.