ದಿರ್ಹಮ್ ಮಾಮ

ಮಂಗಳೂರಿನ ಯಾವ ಓಣಿಗೆ ಹೋದರೂ ಒಬ್ಬರು ದಿರ್ಹಮ್ ಮಾಮ ಸಿಗುತ್ತಾರೆ. ಶಾರ್ಜಾದಲ್ಲೋ ಅಬುಧಾಬಿಯಲ್ಲೋ ದುಡಿದು ಬಂದು, ಟೆರೇಸಿಗೆ ಶೀಟು ಹೊದಿಸಿ ಕೂತವರು. ಬೆಳಿಗ್ಗೆ ಪೇಪರ್ ಬಂದ ಕೂಡಲೇ ಉಳಿದವರು ಮರಣ ವಾರ್ತೆ ನೋಡಿದರೆ ಇವರು ನೋಡುವುದು ರೂಪಾಯಿಯ ರೇಟು. ಅದು ಬಿದ್ದಿದ್ದರೆ "ದೇಶದ ಗತಿ ಎಂತ ಮಾರಾಯ್ರೆ!" ಎಂದು ನಿಟ್ಟುಸಿರು. ಆದರೆ ಮಗ ಇನ್ನೂ ದುಬೈಯಲ್ಲೇ ಇದ್ದಾನಲ್ಲ, ಅವತ್ತು ಮಧ್ಯಾಹ್ನ ಮನೆಯಲ್ಲಿ ಅಂಜಲ್ ಫ್ರೈ. ರೂಪಾಯಿ ಚೇತರಿಸಿಕೊಂಡ ದಿನ ಬೂತಾಯಿ.

"ದಿರ್ಹಮನ್ನು ಡಾಲರಿಗೆ ಕಟ್ಟಿಹಾಕಿದ್ದಾರೆ. 1997ರಿಂದ ಡಾಲರಿಗೆ 3.6725. ಅಲ್ಲಾಡುವುದು ನಮ್ಮದು ಮಾತ್ರ" ಎಂದು ಪಾಠ ಶುರುವಾದರೆ ಗಲ್ಫ್ ರೂಪಾಯಿಗೆ ಹೋಗಿಯೇ ನಿಲ್ಲುವುದು. "ಒಂದು ಕಾಲದಲ್ಲಿ ಅಲ್ಲಿ ನಡೀತಿದ್ದದ್ದೇ ನಮ್ಮ ನೋಟು. 1959ರಲ್ಲಿ ರಿಸರ್ವ್ ಬ್ಯಾಂಕ್ ಅವರಿಗೆಂದೇ ಬೇರೆ ರೂಪಾಯಿ ಪ್ರಿಂಟ್ ಮಾಡಿತು. 1966ರಲ್ಲಿ ನಾವು ಬೆಲೆ ಇಳಿಸಿದೆವು, ಅವರು ಕೈಬಿಟ್ಟರು." ಭೂಮಸೂದೆಯಲ್ಲಿ ಗದ್ದೆ ಕಳಕೊಂಡವರ ದನಿ ಅದು.

ಯಾರಾದರೂ ದುಬೈಗೆ ಹೊರಟರೆ ಮಾಮ ಕರೆಯದೆಯೇ ಜೊತೆಗೆ ಬರುತ್ತಾರೆ. ಹಂಪನಕಟ್ಟೆಯ ಕೌಂಟರಿನಲ್ಲಿ ಹುಡುಗಿ "ಪಾಸ್‌ಪೋರ್ಟ್..." ಎನ್ನುವಷ್ಟರಲ್ಲಿ ಇವರೇ "ಪ್ಯಾನ್, ವೀಸಾ, ಟಿಕೆಟ್, ಎಲ್ಲದರ ಜೆರಾಕ್ಸ್ ಉಂಟು. ಐವತ್ತು ಸಾವಿರದ ಮೇಲೆ ಕ್ಯಾಶ್ ತಗೊಳ್ಳುವ ಹಾಗಿಲ್ಲ, ಅದೂ ಗೊತ್ತುಂಟು. ರೇಟ್ ಎಷ್ಟು ಹೇಳಿ" ಎನ್ನುತ್ತಾರೆ. ರೇಟ್ ಕೇಳಿದ್ದೇ ಎದ್ದುಬಿಡುತ್ತಾರೆ. ಬಲ್ಮಠದಲ್ಲಿ ಐದು ಪೈಸೆ ಕಮ್ಮಿ, ಫಳ್ನೀರಿನಲ್ಲಿ ಹತ್ತು. ಸಾವಿರ ದಿರ್ಹಮಿಗೆ ಉಳಿದದ್ದು ನೂರು ರೂಪಾಯಿ. ರಿಕ್ಷಾಕ್ಕೆ ನೂರ ಎಪ್ಪತ್ತು, ಗೋಳಿಬಜೆ-ಚಾ ಬೇರೆ. ಆ ಬಿಲ್ ಕೊಡುವುದು ಪ್ರಯಾಣಿಕನೇ ಆದ್ದರಿಂದ ಮಾಮನ ಲೆಕ್ಕದಲ್ಲಿ ಲಾಭ ಲಾಭವೇ.

ಒಂದು ಬುದ್ಧಿಮಾತು ಮಾತ್ರ ಚಿನ್ನದಂಥದ್ದು, ಒಪ್ಪಲೇಬೇಕು. "ಅಲ್ಲಿ ಕಾರ್ಡ್ ಉಜ್ಜುವಾಗ ಮೆಷಿನ್ 'ರೂಪಾಯಿಯಲ್ಲೇ ಲೆಕ್ಕ ಹಿಡೀಲಾ?' ಅಂತ ಭಾರೀ ಪ್ರೀತಿಯಲ್ಲಿ ಕೇಳ್ತದೆ. ಬೇಡ ಅನ್ನು. ರೇಟ್ ಅವರದ್ದೇ ಹಾಕ್ತಾರೆ, ದಿರ್ಹಮ್ ಅಂತಲೇ ಒತ್ತು."

ಅವರ ಸ್ವಂತ ಖಜಾನೆ ಕಪಾಟಿನಲ್ಲಿ, ಬಿಸ್ಕತ್ತಿನ ನೀಲಿ ಡಬ್ಬಿಯಲ್ಲಿ ಉಂಟು: ಅರಬ್ಬರ ಕಾಫಿ ಹೂಜಿಯ ಚಿತ್ರವಿರುವ ಒಂದು ದಿರ್ಹಮ್ ನಾಣ್ಯಗಳು. ಮಿಕ್ಕ ನೋಟನ್ನು ಕೌಂಟರಿನವರು ತೆಗೆದುಕೊಳ್ಳುತ್ತಾರೆ, ಚಿಲ್ಲರೆಯನ್ನು ಮುಟ್ಟುವುದಿಲ್ಲ. "ವಿದೇಶಿ ನಾಣ್ಯ ಎಷ್ಟು ಬೇಕಾದ್ರೂ ಇಟ್ಕೊಳ್ಳಬಹುದು, ಕಾನೂನು ಉಂಟು" ಎಂದು ಮಾಮ ಸಮಾಧಾನ ಹೇಳಿಕೊಳ್ಳುತ್ತಾರೆ.

ಮೊನ್ನೆ ಪಕ್ಕದ ಮನೆ ಹುಡುಗಿ ಅಬುಧಾಬಿಗೆ ಕೆಲಸಕ್ಕೆ ಹೊರಟಿದ್ದಳು. "ಹತ್ತು ಚಿಲ್ಲರೆ ಕೊಡಿ ಅವಳಿಗೆ, ಟ್ರಾಲಿಗಾದ್ರೂ ಆಗ್ತದೆ" ಎಂದರು ಮಾಮಿ. ಮಾಮ ಡಬ್ಬಿ ತೆಗೆದು, ಹತ್ತು ಎಣಿಸಿ ಮೇಜಿನ ಮೇಲಿಟ್ಟು, ಕನ್ನಡಕ ಏರಿಸಿ ಮೊಬೈಲ್ ನೋಡಿದರು. ಮತ್ತೆ ಹತ್ತನ್ನೂ ಒಳಗೆ ಹಾಕಿ ಮುಚ್ಚಳ ಒತ್ತಿದರು.

"ಫ್ಲೈಟ್ ನಾಡಿದ್ದಲ್ವಾ? ಡಾಲರ್ ಏರ್ತಾ ಉಂಟು. ನಾಳೆ ಬಾ ಮಗಾ."